ಉಡಕಿಯ ಸಾಕ್ಷಿ

ಕಾನೂನು ಓದಿನ ಕೊನೆಯ ವರ್ಷ ನಮಗೆ ಕ್ಲಿನಿಕ್ ಅಂತ ಒಂದು ವಿಷಯವಿತ್ತು. ಪುಸ್ತಕದಲ್ಲಿ ಓದಿದ್ದನ್ನು ಬಡವರ ಮೇಲೆ ಮಾಡಿ ನೋಡಿ ಕಲಿಯುವುದು ಎಂದು ನಾನು ಅದಕ್ಕೆ ವ್ಯಾಖ್ಯಾನ ಕೊಟ್ಟಿದ್ದೆ. ನಮಗೆ ಕಲಿಸುತ್ತಿದ್ದ ಮೇಡಮ್ಮಿಗೆ, ನಮ್ಮ ಕಡೆಯ ಮಾತಿನಲ್ಲಿ ಬಾಯಾರಿಗೆ, ಆ ಮಾತು ಸೇರಲಿಲ್ಲ, ಆದರೆ ತಪ್ಪು ಅಂತಲೂ ಅವರು ಅನ್ನಲಿಲ್ಲ. ಅವರು ಧಾರವಾಡದ ಕಡೆಯವರು, ಉಚಿತ ಕಾನೂನು ನೆರವಿನ ವಕೀಲರು. ಅರ್ಧ ವಾರ ಪಾಠ, ಉಳಿದ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ ಅಂತ ಯಾವುದಾದರೂ ಕೋರ್ಟು. ಅವರ ಹಿಂದೆ ನಾವು. ವಿದ್ಯಾರ್ಥಿಗಳು ಕೋರ್ಟಿನಲ್ಲಿ ಬಾಯಿ ತೆರೆಯುವಂತಿಲ್ಲ. ಅರ್ಜಿಯ ಕರಡು ಬರೆಯಬಹುದು, ಹಿಂದಿನ ಬೆಂಚಿನಲ್ಲಿ ಕೂರಬಹುದು, ಕಕ್ಷಿದಾರರಿಗೆ ನೀರು ತಂದು ಕೊಡಬಹುದು.

ದೇವರ ಹಿಪ್ಪರಗಿಯಲ್ಲಿ ಸಂತೆಯ ದಿನ, ಪಂಚಾಯಿತಿಯವರು ಬಿಟ್ಟುಕೊಟ್ಟ ಒಂದು ಕೋಣೆಯಲ್ಲಿ ನಮ್ಮ ಕ್ಲಿನಿಕ್ ನಡೆಯುತ್ತಿತ್ತು. ಬಾಗಿಲಿಗೆ ಬೋರ್ಡು ತೂಗುಹಾಕಿದ ಮೊದಲ ದಿನ ಬಂದವನು ಮೊಣಕಾಲು ನೋವಿನ ಮುದುಕ. ಇಲ್ಲಿ ಔಷಧಿ ಕೊಡುವುದಿಲ್ಲ, ಕಾಯ್ದೆ ಹೇಳುತ್ತೇವೆ ಅಂದಾಗ ಆತ ಸ್ವಲ್ಪ ಯೋಚಿಸಿ, ಹಾಗಾದರೆ ತನ್ನ ಹೊಲದ ಬಾಂದು ಒತ್ತಿದವನಿಗೆ ಒಂದು ಗುಳಿಗೆ ಬರೆದುಕೊಡಿ ಎಂದ. ನನ್ನ ಜೊತೆಗಿದ್ದವನು ಚಡಚಣದ ದ್ರಾಕ್ಷಿ ಬೆಳೆಗಾರರ ಮನೆಯ ಹುಡುಗ, ನನ್ನ ಸಹಪಾಠಿ. ಆತನಿಗೆ ಕಾಯ್ದೆಯ ಕಲಮುಗಳು ನೆನಪಿರುತ್ತಿರಲಿಲ್ಲ, ಆದರೆ ಎಂಥವರನ್ನೂ ಮಾತಿಗೆಳೆಯುತ್ತಿದ್ದ. ನನ್ನದು ತಿರುವುಮುರುವು. ನಾನು ಇಂಡಿಯವಳು, ಮೇಷ್ಟ್ರ ಮಗಳು. ನಮ್ಮ ಮನೆಯಲ್ಲಿ ದೇವರ ಜೊತೆ ಕನ್ನಡ, ಜಗಳಕ್ಕೆ ಮರಾಠಿ. ಕಲಮುಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು, ಜನರ ಎದುರು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಆ ಹೆಂಗಸು ಬಂದದ್ದು ಒಂದು ಸಂತೆಯ ದಿನವೇ. ಉಳಿದವರೆಲ್ಲ ಹೋಗುವವರೆಗೂ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದು, ಆಮೇಲೆ ಒಳಗೆ ಬಂದಳು. ನಡುವಯಸ್ಸು. ಗಂಡ ಕಾಮಾಲೆಯಿಂದ ತೀರಿಕೊಂಡಿದ್ದ. ದಿನಕರ್ಮ ಮುಗಿದ ಮೇಲೆ ಭಾವ ಮತ್ತು ಮೈದುನ ಸೇರಿ ಇವಳಿದ್ದ ಖೋಲಿಗೆ ಬೀಗ ಹಾಕಿ, ನಿನ್ನ ಊರಿಗೆ ನಡಿ ಅಂದಿದ್ದರು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹಿಪ್ಪರಗಿಯಲ್ಲಿ ಗುರುತಿನವರ ದನದ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಇದ್ದುಕೊಂಡು ತೊಗರಿ ಹೊಲದ ಕೂಲಿಗೆ ಹೋಗುತ್ತಿದ್ದಳು. ಹೊಲದಲ್ಲಿ ಪಾಲು ಬೇಕೇ ಎಂದು ನಾನು ಕೇಳಿದೆ. ಕೇಳಬೇಕು ಅಂತ ಪಾಠದಲ್ಲಿತ್ತು.

"ಹೊಲ ಬ್ಯಾಡ್ರಿ ಅಕ್ಕಾರ," ಅಂದಳು. "ಆ ಖೋಲಿ ಬೇಕ್ರಿ. ಅವನ ಹೆಂಡ್ತಿ ಅಂತ ಅಲ್ಲಿ ಇರಬೇಕು, ಅಲ್ಲೇ ಸಾಯಬೇಕು. ಮತ್ತೇನೂ ಬ್ಯಾಡ."

ಇಷ್ಟು ಸ್ಪಷ್ಟವಾಗಿ ತನಗೇನು ಬೇಕು ಅಂತ ಹೇಳಿದ ಕಕ್ಷಿದಾರರನ್ನು ಆಮೇಲೆ ನಾನು ಹೆಚ್ಚು ನೋಡಿಲ್ಲ. ಜನ ನೂರೆಂಟು ಬೇಡುತ್ತಾರೆ, ಅದರಲ್ಲಿ ಯಾವುದು ನಿಜವಾಗಿ ಬೇಕು ಅಂತ ಹುಡುಕುವುದೇ ಅರ್ಧ ವಕೀಲಿ. ಇಲ್ಲಿ ಆ ತೊಂದರೆ ಇರಲಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಗಂಡನ ಮನೆಯಲ್ಲಿ ಇರುವ ಹಕ್ಕು ಹೆಂಗಸಿಗೆ ಇದೆ, ಗಂಡ ಸತ್ತಮಾತ್ರಕ್ಕೆ ಅದು ಹೋಗುವುದಿಲ್ಲ. ನಾನು ಉಮೇದಿನಿಂದ ಕರಡು ಬರೆದೆ.

ಆಕೆ ಹೇಳಿದ ಹಿಂದಿನ ಕತೆ ಇಷ್ಟು. ಚಿಕ್ಕ ವಯಸ್ಸಿನಲ್ಲಿ ಯಂಕಂಚಿಗೆ ಕೊಟ್ಟಿದ್ದರು. ಆ ಗಂಡ ಮದುವೆಯಾದ ಸ್ವಲ್ಪ ದಿನಕ್ಕೇ ಸತ್ತ. ಕೆಲವು ವರ್ಷ ತವರಿನಲ್ಲಿದ್ದಳು. ಆಮೇಲೆ ಈ ಮನೆಯ ನಡುವಿನ ಮಗನ ಜೊತೆ ಬಂದು ಸಂಸಾರ ಹೂಡಿದಳು. ಮಕ್ಕಳಾಗಲಿಲ್ಲ. ಕಾಗದಪತ್ರದಲ್ಲೆಲ್ಲ ಇನ್ನೂ ಮೊದಲ ಗಂಡನ ಹೆಸರೇ ಇತ್ತು, ಬದಲಾಯಿಸಲು ಕಚೇರಿಗೆ ಅಲೆಯುವ ಪುರಸೊತ್ತು ಇಬ್ಬರಿಗೂ ಬಂದಿರಲಿಲ್ಲ. ಎರಡನೆಯ ಮದುವೆಯ ಫೋಟೊ ಇದೆಯೇ ಎಂದರೆ ಇಲ್ಲ ಅಂದಳು. ಪತ್ರಿಕೆ ಹಂಚಿದ್ದಿರಾ ಅಂದರೆ ಅದಕ್ಕೂ ಇಲ್ಲ. ಬಡವರ ಮದುವೆ, ಫೋಟೊ ಎಲ್ಲಿಂದ ಬರಬೇಕು ಅಂತ ನಾವೇ ಅವಳ ಪರವಾಗಿ ಉತ್ತರ ಹೇಳಿಕೊಂಡೆವು. 'ಮೊದಲ ಪತಿಯ ನಿಧನಾನಂತರ ಅರ್ಜಿದಾರಳು ಮೃತನನ್ನು ವಿವಾಹವಾಗಿರುತ್ತಾಳೆ' ಎಂದು ಬರೆದು ಓದಿ ಹೇಳಿದೆವು. ತಲೆಯಾಡಿಸಿ ಸಹಿ ಮಾಡಿದಳು. ಒಂದೇ ಒಂದು ಮಾತು ಕೇಳಿಕೊಂಡಳು, ಅತ್ತೆಯ ಹೆಸರನ್ನು ಕೇಸಿನಲ್ಲಿ ಎಲ್ಲೂ ಹಾಕಬಾರದು ಅಂತ. ಅತ್ತೆ ಇದ್ದಾಳೆ, ವಿಧವೆ, ಉಳಿದಿಬ್ಬರು ಮಕ್ಕಳ ಜೊತೆ ಅದೇ ಮನೆಯಲ್ಲಿದ್ದಾಳೆ. ಬಾಯಾರು ಒಪ್ಪಿದರು. ಮುದುಕಿಯರನ್ನು ಎದುರುಪಕ್ಷ ಮಾಡಿದರೆ ನ್ಯಾಯಾಧೀಶರ ಕನಿಕರ ಆ ಕಡೆ ವಾಲುತ್ತದೆ ಅನ್ನುವುದು ಅವರ ಲೆಕ್ಕ.

ಸಿಂದಗಿಯ ಕೋರ್ಟಿನಲ್ಲಿ ಎದುರಿನ ವಕೀಲರು ಅಲ್ಲಿಯವರೇ. ವಯಸ್ಸಾದವರು, ಕೋಟಿನ ಕಪ್ಪು ಕಂದುಬಣ್ಣಕ್ಕೆ ತಿರುಗಿತ್ತು, ಸದಾ ಬಾಯಲ್ಲಿ ಏಲಕ್ಕಿ. ದನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ. ಬಾಯಾರು ಅವರನ್ನು ಹಗುರವಾಗಿ ತೆಗೆದುಕೊಂಡಿದ್ದರೆಂದು ನನಗೆ ಅನಿಸುತ್ತದೆ, ನಾನಂತೂ ತೆಗೆದುಕೊಂಡಿದ್ದೆ.

ನಮ್ಮ ಕಕ್ಷಿದಾರಳ ಪಾಟೀಸವಾಲಿನ ದಿನ ಅವರು ಎದ್ದು ನಿಂತು, ಮಳೆ ಬೆಳೆ ವಿಚಾರಿಸುವ ದನಿಯಲ್ಲಿ, ತವರು ಯಾವುದು, ಅಕ್ಕತಂಗಿಯರು ಎಷ್ಟು ಮಂದಿ ಅಂತೆಲ್ಲ ಕೇಳಿದರು. ಆಕೆಯ ಹೆದರಿಕೆ ಕಳೆಯಿತು. ಕಟಕಟೆಯ ಕಂಬಿ ಹಿಡಿದಿದ್ದ ಕೈ ಸಡಿಲವಾಯಿತು. ಆಮೇಲೆ ಅದೇ ದನಿಯಲ್ಲಿ ಕೇಳಿದರು.

"ನಿನ್ನ ಲಗ್ನ ಎಲ್ಲಿ ಆತವ್ವಾ?"

"ಯಂಕಂಚ್ಯಾಗ್ರಿ."

"ಯಾರ ಜೋಡಿ?"

"ಮೊದಲಿನವರ ಜೋಡಿರಿ."

"ಈಗ ತೀರಿಕೊಂಡಾನಲ್ಲ, ಇವನ ಜೋಡಿ ಲಗ್ನ ಆಗಿಲ್ಲೇನು?"

"ಇಲ್ರಿ," ಅಂದಳು. ಇಷ್ಟು ಸುಲಭದ ಪ್ರಶ್ನೆ ಯಾಕೆ ಕೇಳುತ್ತಾರೆ ಎಂಬ ಮುಖ ಮಾಡಿದ್ದಳು. "ಹೆಣ್ಣಿಗೆ ಲಗ್ನ ಒಂದ ಸಲ ಆಗೂದ್ರಿ."

ವಕೀಲರು ನ್ಯಾಯಾಧೀಶರಿಗೆ ಕೈಮುಗಿದು ಕುಳಿತರು. ನ್ಯಾಯಾಧೀಶರು ಒಮ್ಮೆ ಬಾಯಾರನ್ನು ನೋಡಿ, ಆಕೆಯ ಮಾತನ್ನು ಇದ್ದಹಾಗೇ ಬರೆಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಬಾಯಿಯೇ ಉಗುಳಿಬಿಟ್ಟಿತ್ತು. ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು, ಮುಚ್ಚಿಡುವುದೇನು. ನಮ್ಮ ಅರ್ಜಿಯನ್ನು ನಮ್ಮ ಕಕ್ಷಿದಾರಳೇ ಸುಳ್ಳು ಅಂದಿದ್ದಳು.

ಊಟದ ವಿರಾಮದಲ್ಲಿ, ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ಬಾಯಾರು ಆಕೆಯನ್ನು ಕೂರಿಸಿಕೊಂಡು ಕೇಳಿದರು, ಹೀಗ್ಯಾಕೆ ಹೇಳಿದೆ ಅಂತ. ಆಕೆಗೆ ತಾನು ಮಾಡಿದ ತಪ್ಪೇನು ಅಂತಲೇ ತಿಳಿಯಲಿಲ್ಲ. ದೇವರ ಮೇಲೆ ಆಣೆ ಮಾಡಿಸಿದ್ದರು, ಇದ್ದದ್ದು ಹೇಳಿದ್ದಳು. ಲಗ್ನ ಒಮ್ಮೆ ಆದದ್ದು ನಿಜ. ಈ ಮನೆಗೆ ಬಂದದ್ದು ಉಡಕಿಯಾಗಿ. ಉಡಕಿ ಬೇರೆ, ಲಗ್ನ ಬೇರೆ. ಅರ್ಜಿಯಲ್ಲಿ ವಿವಾಹ ಅಂತ ಓದಿದಾಗ ಯಾಕೆ ಸುಮ್ಮನಿದ್ದೆ ಎಂದರೆ, ಕೋರ್ಟಿನ ಭಾಷೆ ಹಾಗೇ ಇರುತ್ತದೆ ಅಂದುಕೊಂಡೆ ಎಂದಳು.

ಉಡಕಿ ಅಂದರೆ ಏನೆಂದು ಆವತ್ತು ಆಕೆ ನಮಗೆ ಬಿಡಿಸಿ ಹೇಳಿದಳು. ಗಂಡ ಸತ್ತವಳು ಇನ್ನೊಬ್ಬನ ಕೈ ಹಿಡಿಯುವ ರೂಢಿ ಅದು. ಹಂದರವಿಲ್ಲ, ಬಾಜಾ ಇಲ್ಲ, ಅಕ್ಷತೆ ಇಲ್ಲ. ದೀಪ ಹಚ್ಚಿದ ಮೇಲೆ ಹಿತ್ತಲ ಕಡೆಯ ಕೋಣೆಯಲ್ಲಿ, ಗಂಡು ತಂದ ಸೀರೆಯನ್ನು ಹೆಣ್ಣಿಗೆ ಉಡಿಸಿ ಕೊರಳಿಗೆ ತಾಳಿ ಹಾಕುತ್ತಾರೆ. ಮುತ್ತೈದೆಯರು ಆ ಹೊತ್ತಿಗೆ ಹತ್ತಿರ ಸುಳಿಯುವಂತಿಲ್ಲ. ಸೀರೆ ಉಡಿಸುವವರು, ತಾಳಿ ಹಾಕುವವರು ವಿಧವೆಯರು ಮಾತ್ರ. ಹಾಗೆ ಬಂದವಳು ಸಂಸಾರ ಮಾಡುತ್ತಾಳೆ, ಹೆಂಡತಿ ಅನಿಸಿಕೊಳ್ಳುತ್ತಾಳೆ, ಮಕ್ಕಳನ್ನು ಹೆರುತ್ತಾಳೆ. ಆದರೆ ಮದುವೆಮನೆಯಲ್ಲಿ ಆರತಿ ಹಿಡಿಯಲು ಅವಳನ್ನು ಯಾರೂ ಕರೆಯುವುದಿಲ್ಲ. ಹೆಂಡತಿ ಹೌದು, ಮದುವೆ ಅಲ್ಲ. ಇದರಲ್ಲಿ ಆಕೆಗೆ ಯಾವ ಗೊಂದಲವೂ ಇರಲಿಲ್ಲ.

ನಮಗೆ ಗೊತ್ತಿರಲಿಲ್ಲ. ಎದುರಿನ ವಕೀಲರಿಗೆ ಗೊತ್ತಿತ್ತು, ಆ ಪ್ರಶ್ನೆಗೆ ಆಕೆ ಯಾವ ಉತ್ತರ ಕೊಡುತ್ತಾಳೆ ಅಂತ ಗೊತ್ತಿದ್ದೇ ಕೇಳಿದ್ದರು. ಈಗ ನಾನು ಬಸವನ ಬಾಗೇವಾಡಿಯಲ್ಲಿ ವಕೀಲಿ ಮಾಡುತ್ತೇನೆ. ಹೆಂಗಸರು ಬಂದು ಕುಳಿತರೆ ಮದುವೆ ಯಾವಾಗ ಆಯಿತು ಅಂತ ಕೇಳುವುದಿಲ್ಲ, ಆ ಮನೆಗೆ ಹೇಗೆ ಬಂದಿರಿ ಅಂತ ಕೇಳುತ್ತೇನೆ. ಜೂನಿಯರುಗಳು ಇದು ನನ್ನದೊಂದು ಚಾಳಿ ಅಂದುಕೊಂಡಿದ್ದಾರೆ.

ಆ ವಾರ ಊರಿಗೆ ಹೋದಾಗ ಮನೆಯಲ್ಲಿ ಈ ಸಂಗತಿ ಹೇಳಿದೆ. ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ, ನಮ್ಮೊಳಗೆ ಅದೆಲ್ಲ ಇಲ್ಲ ಅಂದರು. ನಿಜ, ನಮ್ಮೊಳಗೆ ಇರಲಿಲ್ಲ. ನನ್ನ ಅಜ್ಜನ ತಂಗಿಯೊಬ್ಬಳು ಹದಿಹರೆಯದಲ್ಲಿ ಗಂಡನನ್ನು ಕಳೆದುಕೊಂಡು ಬಂದವಳು, ಸಾಯುವವರೆಗೆ ನಮ್ಮ ಅಡುಗೆಮನೆಯಲ್ಲಿ ಕಳೆದಳು. ಅವಳ ಕೈಯ ಭಕ್ಷ್ಯಗಳನ್ನು ಊರೆಲ್ಲ ಹೊಗಳುತ್ತಿತ್ತು. ಅವಳಿಗೆ ಏನು ಬೇಕಿತ್ತು ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಹಿತ್ತಲ ಕೋಣೆಯಲ್ಲಿ ಕದ್ದುಮುಚ್ಚಿ ಉಟ್ಟ ಸೀರೆಯನ್ನು ಕೀಳು ಅನ್ನುವ ಹಕ್ಕು ನಮ್ಮ ಮನೆಗೆ ಇದ್ದಂತೆ ನನಗೆ ಕಾಣಲಿಲ್ಲ. ಅದನ್ನು ಅಪ್ಪನಿಗೆ ಹೇಳಿದೆ. ಅವರು ಪತ್ರಿಕೆಯ ಪುಟ ತಿರುವಿದರು.

ಕೇಸಿಗೆ ಬರುತ್ತೇನೆ. ಜಾತಿಯ ರೂಢಿಯಂತೆ ನಡೆದದ್ದು ಕಾಯ್ದೆಯ ಕಣ್ಣಿಗೂ ಮದುವೆಯೇ. ಆದರೆ ನಡೆದದ್ದು ನೋಡಿದವರು ಬಂದು ಹೇಳಬೇಕು. ಎದುರು ಪಕ್ಷದವರು ಉಡಕಿಯೂ ಆಗಿಲ್ಲ, ಸುಮ್ಮನೆ ಮನೆಗೆಲಸಕ್ಕೆ ಇದ್ದವಳು ಅಂತ ಪಟ್ಟು ಹಿಡಿದಿದ್ದರು. ಬಾಯಾರು ಯೋಚನೆ ಮಾಡಿ ಒಂದು ಅಡ್ಡದಾರಿ ಹುಡುಕಿದರು. ಈ ಕಾಯ್ದೆಯಡಿ ಮದುವೆಯನ್ನು ಸಾಬೀತು ಮಾಡಲೇಬೇಕು ಅಂತಿಲ್ಲ. ಗಂಡಹೆಂಡಿರಂತೆ ಒಂದೇ ಮನೆಯಲ್ಲಿ ಬಾಳಿದ್ದರೂ ಸಾಕು, ಮದುವೆಯ ಸ್ವರೂಪದ ಸಂಬಂಧ ಅಂತ ಅದಕ್ಕೆ ಕರೆಯುತ್ತಾರೆ. ಅರ್ಜಿಯನ್ನು ಹಾಗೆ ತಿದ್ದಿದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಖೋಲಿ ಸಿಗುತ್ತದೆ. ನನಗೆ ಆ ಉಪಾಯ ಬಹಳ ಹಿಡಿಸಿತು, ಪರೀಕ್ಷೆಯಲ್ಲಿ ಬರೆಯುವಂಥ ಉತ್ತರ ಅದು.

ಹಿಪ್ಪರಗಿಯ ಕೋಣೆಯಲ್ಲಿ ಅದನ್ನು ಆಕೆಗೆ ವಿವರಿಸುವ ಕೆಲಸ ನನಗೆ ಬಂತು. ನನ್ನ ಸಹಪಾಠಿ ಪಕ್ಕದಲ್ಲಿ ಕುಳಿತಿದ್ದ. ಆಕೆ ಪೂರ್ತಿ ಕೇಳಿಸಿಕೊಂಡಳು. ಹಾಗಂದರೆ ಹೆಂಡತಿ ಅಂತ ಬರೆಯುವುದಿಲ್ಲವೇ ಎಂದಳು. ಹೆಂಡತಿಯಂತೆ ಇದ್ದವಳು ಅಂತ ಬರೆಯುತ್ತೇವೆ ಅಂದೆ.

"ಇಟ್ಟಕೊಂಡಾಕಿ ಅಂತ ಬರೀತೀರಿ," ಅಂದಳು. ಸಿಟ್ಟು ಇರಲಿಲ್ಲ. "ಬ್ಯಾಡ್ರಿ ಅಕ್ಕಾರ. ಹಂಗ ಅನ್ನಿಸ್ಕೊಂಡು ಆ ಮನಿಯೊಳಗ ಕಾಲಿಡೂದಾದ್ರ, ಆ ದನದ ಕೊಟಗ್ಯಾಗ ಇರ್ತೇನಿ."

ನಾನು ಕಾಯ್ದೆಯ ಮಾತಿಗೆ ಹಾಗೆ ಅರ್ಥ ಇಲ್ಲ ಅಂತ ಶುರು ಮಾಡಿದೆ. ಸಹಪಾಠಿ ನನ್ನ ಕಾಲು ತುಳಿದು ಸುಮ್ಮನಿರಿಸಿದ. ಬಾಯಾರಿಗೆ ಹೋಗಿ ಹೇಳಿದೆವು. ಕೇಸು ಆಕೆಯದು, ನಮ್ಮದಲ್ಲ ಅಂದರು. ಹಾಗಾದರೆ ಉಡಕಿ ನೋಡಿದವರನ್ನು ಹುಡುಕಿರಿ ಎಂದು ನಮ್ಮಿಬ್ಬರನ್ನು ಹಳ್ಳಿಗೆ ಅಟ್ಟಿದರು.

ಹಳ್ಳಿ ಹಿಪ್ಪರಗಿಯಿಂದ ದೂರವಿಲ್ಲ, ಆದರೆ ಬಸ್ಸು ಯಾವಾಗ ಬರುತ್ತದೆ ಅಂತ ಡ್ರೈವರನಿಗೂ ಖಾತ್ರಿಯಿರುತ್ತಿರಲಿಲ್ಲ. ಸೀರೆ ಉಡಿಸಿದವರು ಯಾರು ಅಂತ ಕೇಳಿದ್ದಕ್ಕೆ ನಮ್ಮ ಕಕ್ಷಿದಾರಳು ಹೆಸರು ಹೇಳಿರಲಿಲ್ಲ. ಎರಡು ಮೂರು ಸಲ ಹೋದೆವು. ಗಂಡಸರು ತಮಗೇನೂ ಗೊತ್ತಿಲ್ಲ ಅಂದರು, ಅದು ಹೆಂಗಸರ ಕೆಲಸ. ಮುತ್ತೈದೆಯರು ತಾವು ಅಲ್ಲಿ ಇರುವಂತೆಯೇ ಇರಲಿಲ್ಲ ಅಂದರು. ಅದೂ ಖರೆ. ಆ ಸಂಜೆ ಆ ಕೋಣೆಯಲ್ಲಿದ್ದದ್ದು ಮೂವರು ವಿಧವೆಯರು. ಇಬ್ಬರು ಸತ್ತುಹೋಗಿದ್ದರು. ಮೂರನೆಯವಳೇ ತಾಳಿ ಹಾಕಿದವಳು. ಅವಳು ಯಾರು ಅಂತ ಕೇಳಿದರೆ, ಬಾವಿಕಟ್ಟೆಯ ಮೇಲಿದ್ದ ಹೆಂಗಸೊಬ್ಬಳು ಗಲ್ಲ ಎತ್ತಿ ಆ ಮನೆಯ ಕಡೆಗೇ ತೋರಿಸಿದಳು. ಗಂಡಿನ ತಾಯಿ, ಅಂದರೆ ನಮ್ಮ ಕಕ್ಷಿದಾರಳ ಅತ್ತೆ.

ಆ ಮುದುಕಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮುದ್ದೇಬಿಹಾಳದ ಕಡೆಯಿಂದ ಈ ಊರಿಗೆ ಬಂದವಳಂತೆ. ಸಹಪಾಠಿ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಕಷ್ಟಸುಖ ವಿಚಾರಿಸಿದ. ಆಕೆ ತೊಗರಿಯ ಹರಳು ಆರಿಸುತ್ತ, ತನಗೆ ಕಿವಿ ಕೇಳಿಸುವುದಿಲ್ಲ ಅಂದಳು. ಅಷ್ಟರಲ್ಲಿ ಒಳಗಿನಿಂದ ದೊಡ್ಡ ಮಗ ಬಂದು, ನೀವು ಯಾರ ಕಡೆಯವರು ಅಂತ ಕೇಳಿದ. ನಾವು ಎದ್ದು ಬಂದೆವು. ಬೀಗ ಹಾಕಿದ ಖೋಲಿ ಪಡಸಾಲೆಯ ಆಚೆ ತುದಿಯಲ್ಲಿ ಕಾಣುತ್ತಿತ್ತು. ಅಲ್ಲಿಗೆ ಹತ್ತು ಹೆಜ್ಜೆ ಇರಲಿಕ್ಕಿಲ್ಲ.

ಉಳಿದ ದಾರಿ ಒಂದೇ. ಬಾಯಾರು ಮುದುಕಿಯನ್ನು ನಮ್ಮ ಸಾಕ್ಷಿಯಾಗಿ ಕರೆಸಲು ಕೋರ್ಟಿನಿಂದ ಸಮನ್ಸ್ ಕೇಳಿದರು. ಇದು ತಿಳಿದಾಗ, ಅಷ್ಟು ದಿನ ತಣ್ಣಗಿದ್ದ ನಮ್ಮ ಕಕ್ಷಿದಾರಳು ಕೂಲಿ ಬಿಟ್ಟು ಓಡಿ ಬಂದಳು. ಅತ್ತೆಯನ್ನು ಕರೆಸಬೇಡಿ ಅಂದಳು. ಕೇಸು ಸೋತರೂ ನಡೆಯುತ್ತದೆ, ಆಕೆಯನ್ನು ಕಟಕಟೆ ಹತ್ತಿಸಬೇಡಿ ಅಂತ ಬಾಯಾರ ಕೈ ಹಿಡಿದುಕೊಂಡಳು. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಮುದುಕಿ ಮಕ್ಕಳ ಹಂಗಿನಲ್ಲಿದ್ದಾಳೆ, ಅವರಿಗೆ ಹೆದರಿ ಸುಳ್ಳು ಹೇಳಿದರೆ ನೋಡಲಾಗದು ಅಂತ ಇವಳ ಸಂಕಟ ಇರಬೇಕೆಂದು ನಾವು ಊಹಿಸಿದೆವು. ಬಾಯಾರು ಬಹಳ ಹೊತ್ತು ಸಮಾಧಾನ ಹೇಳಿದರು. ಸಮನ್ಸ್ ಆಗಲೇ ಹೊರಟಾಗಿತ್ತು.

ಆ ದಿನ ಮುದುಕಿ ಮಕ್ಕಳ ಜೀಪಿನಲ್ಲೇ ಬಂದಳು. ಒಗೆದ ಸೀರೆ, ತಲೆಯ ಮೇಲೆ ಸೆರಗು. ಮಕ್ಕಳು ಎರಡೂ ಕಡೆ ಹಿಡಿದು ಕಟಕಟೆಯವರೆಗೆ ನಡೆಸಿಕೊಂಡು ಬಂದರು. ಏನು ಹೇಳಬೇಕು ಅಂತ ಆಕೆಗೆ ಪಾಠವಾಗಿದೆ ಅನ್ನುವುದು ಅವರ ಮುಖದಲ್ಲೇ ಇತ್ತು. ನಮ್ಮ ಕಕ್ಷಿದಾರಳು ನನ್ನ ಪಕ್ಕದಲ್ಲಿ ಕುಳಿತು ನೆಲ ನೋಡುತ್ತಿದ್ದಳು.

ಬಾಯಾರು ಸೊಸೆಯನ್ನು ತೋರಿಸಿ, ಈಕೆ ಯಾರು ಅಂತ ಕೇಳಿದರು. ಕಿವಿ ಕೇಳಿಸದ ಮುದುಕಿಗೆ ಪ್ರಶ್ನೆ ಒಂದೇ ಸಲಕ್ಕೆ ಕೇಳಿಸಿತು. ನಡುವಿನ ಮಗನ ಹೆಂಡತಿ ಅಂದಳು. ಮಗ ಸೀರೆ ತಂದದ್ದು, ತಾನೇ ಉಡಿಸಿದ್ದು, ತಾನೇ ತಾಳಿ ಹಾಕಿದ್ದು, ಆಮೇಲೆ ಅದೇ ಖೋಲಿಯಲ್ಲಿ ಅವರಿಬ್ಬರ ಸಂಸಾರ ನಡೆದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದಳು. ದೊಡ್ಡ ಮಗ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕುಳಿತ. ಬಾಯಾರಿಗೆ ಇಷ್ಟು ಸಾಕಾಗಿತ್ತು. ಒಂದು ಮಾತೂ ಹೆಚ್ಚು ಕೇಳದೆ ಕುಳಿತರು.

ಎದುರಿನ ವಕೀಲರು ಎದ್ದರು. ಏಲಕ್ಕಿಯನ್ನು ದವಡೆಯ ಮೂಲೆಗೆ ಸರಿಸಿ, ಮೊಮ್ಮಗ ಮಾತಾಡಿಸುವಂತೆ ಮಾತಾಡಿಸಿದರು. ಸೊಸೆಯ ಪಾಟೀಸವಾಲಿನಲ್ಲಿ ಫಲ ಕೊಟ್ಟ ದಾರಿಯನ್ನೇ ಹಿಡಿದರು.

"ಆಯಿ, ಉಡಕಿ ಅಂದ್ರ ಲಗ್ನ ಅಲ್ಲ, ಹೌದಲ್ಲೋ?"

"ಹೌದ್ರಿ. ಲಗ್ನ ಅಲ್ಲ."

ಅಲ್ಲಿಗೆ ಕುಳಿತಿದ್ದರೆ ಆ ಉತ್ತರವನ್ನು ಹಿಡಿದು ಒಂದು ತಾಸು ವಾದ ಮಾಡಬಹುದಿತ್ತು. ಪಾಟೀಸವಾಲಿನಲ್ಲಿ ಬೇಕಾದ ಉತ್ತರ ಸಿಕ್ಕ ಕೂಡಲೇ ಕೂರಬೇಕು ಅಂತ ನಮಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಅವರು ಅಷ್ಟು ವರ್ಷ ಹಾಗೇ ಕುಳಿತು ಗೆದ್ದವರು. ಆವತ್ತು ಯಾಕೋ ಕೂರಲಿಲ್ಲ.

"ಮತ್ತ ಲಗ್ನ ಆಗದಾಕಿ ಹೆಂಡ್ತಿ ಹೆಂಗ ಆಗ್ತಾಳ?"

ಮುದುಕಿ ಮಕ್ಕಳ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ನನ್ನ ಪಕ್ಕದಲ್ಲಿ ಸೊಸೆ, ಬ್ಯಾಡ ಯವ್ವಾ, ಅಂತ ಸಣ್ಣಗೆ ಅಂದದ್ದು ನನಗೆ ಮಾತ್ರ ಕೇಳಿಸಿತು.

"ಹಂಗಾರ ನಾ ಯಾರ್ರಿ ಸಾಹೇಬ್ರ?" ಅಂದಳು ಮುದುಕಿ. "ನನ್ನೂ ಇವರಪ್ಪ ಉಡಕಿ ಮಾಡ್ಕೊಂಡ ಕರ್ಕೊಂಡು ಬಂದಾನ. ನಾ ಅವನ ಹೆಂಡ್ತಿ ಅಲ್ಲಂದ್ರ, ಸತ್ತ ಆ ಮಗ, ಇಲ್ಲಿ ಕುಂತ ಈ ಇಬ್ರು, ಯಾರ ಮಕ್ಕಳು? ಮನಿ ಇವರಿಗೆ ಹೆಂಗ ಬಂತು? ಅದನ್ನೂ ಬರ್ಕೋರಿ."

ಕೋರ್ಟಿನಲ್ಲಿ ಸದ್ದಿಲ್ಲದಂತಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಪಕ್ಕದ ಕೋಣೆಯಲ್ಲಿ ಯಾರದೋ ಹೆಸರು ಕೂಗುತ್ತಿದ್ದರು, ಫ್ಯಾನು ಕಿರುಗುಡುತ್ತಿತ್ತು. ವಕೀಲರು ಕೂತರು. ದೊಡ್ಡ ಮಗ ಎದ್ದು ಹೊರಗೆ ನಡೆದ. ಅವನಿಗೆ ಮೊದಲೇ ಗೊತ್ತಿತ್ತು ಅಂತ ಅವನ ನಡಿಗೆ ನೋಡಿ ನನಗೆ ಅನಿಸಿತು. ಚಿಕ್ಕವನಿಗೆ ಗೊತ್ತಿರಲಿಲ್ಲ. ಅವನು ತಾಯಿಯನ್ನು ನೋಡುತ್ತ ಕುಳಿತೇ ಇದ್ದ, ಆ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ. ಮುದ್ದೇಬಿಹಾಳದ ಕಡೆಯಿಂದ ಬಂದವಳ ಹಿಂದಿನ ಕತೆ ಮನೆಯ ಹೊರಗೆ ಈ ಊರಿನಲ್ಲಿ ಗೊತ್ತಿದ್ದವರೆಲ್ಲ ಮಣ್ಣಾಗಿದ್ದರು. ಇನ್ನು ಸ್ವಲ್ಪ ವರ್ಷ ತಡೆದಿದ್ದರೆ ಅದು ಅವಳ ಜೊತೆಗೇ ಹೋಗುತ್ತಿತ್ತು.

ನಾವು ಹೊರಗೆ ಬರುವಷ್ಟರಲ್ಲಿ ಜೀಪು ಹೋಗಿತ್ತು. ಮುದುಕಿ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತ ನಿಂತಿದ್ದಳು. ಸೊಸೆ ಹೋಗಿ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. ನನ್ನ ಸಹಪಾಠಿಗೆ ಗೆದ್ದ ಹುರುಪು. ಅತ್ತೆಯೂ ಉಡಕಿ ಅಂತ ನಿಮಗೆ ಮೊದಲೇ ಗೊತ್ತಿತ್ತೇ ಅಂತ ಸೊಸೆಯನ್ನು ಕೇಳಿದ. ಗೊತ್ತಿತ್ತು ಅಂದಳು. ಸೀರೆ ಉಡಿಸುವಾಗ ತಾನು ಅಳುತ್ತಿದ್ದಾಗ, ಅತ್ತೆಯೇ ಕಿವಿಯಲ್ಲಿ ಹೇಳಿದ್ದಳಂತೆ, ಅಳಬ್ಯಾಡ, ನಾನೂ ಹಿಂಗ ಬಂದಾಕಿ ಅಂತ. ಅದನ್ನು ಮೊದಲೇ ನಮಗೆ ಹೇಳಿದ್ದರೆ ಇಷ್ಟು ಅಲೆದಾಟವೇ ಇರುತ್ತಿರಲಿಲ್ಲ ಎಂದ ಸಹಪಾಠಿ.

"ನಾ ಗೆಲ್ಲಾಕ ಅಕಿನ್ನ ಮಂದ್ಯಾಗ ಬತ್ತಲ ಮಾಡ್ಲೇನ್ರಿ?" ಅಂದಳು ಆಕೆ.

ಆತ ಮುಖ ಕೆಳಗೆ ಹಾಕಿದ. ನಾನು ಬಾಯಾರನ್ನು ನೋಡಿದೆ. ಅವರು ಕೋಟು ತೆಗೆದು ಮಡಚುತ್ತಿದ್ದರು, ಮಡಚಿ ಮುಗಿದರೂ ಮತ್ತೆ ಬಿಚ್ಚಿ ಮಡಚುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದರು.

ಆದೇಶ ನಮ್ಮ ಪರವಾಗಿ ಬಂತು. ರೂಢಿಯ ಮದುವೆಯನ್ನು ತಾಯಿಯ ಸಾಕ್ಷ್ಯ ಸಾಬೀತುಮಾಡಿದೆ, ಅರ್ಜಿದಾರಳು ಮೃತನ ಹೆಂಡತಿ, ಆ ಖೋಲಿಯಲ್ಲಿ ಇರಲು ಆಕೆಗೆ ಹಕ್ಕಿದೆ, ಯಾರೂ ಅಡ್ಡಿ ಮಾಡಕೂಡದು ಅಂತ. ಪೊಲೀಸರು ಮುಂದೆ ನಿಂತು ಬೀಗ ತೆಗೆಸಿದರು. ಕ್ಲಿನಿಕ್ ವಿಷಯದಲ್ಲಿ ನನಗೆ ಒಳ್ಳೆಯ ಅಂಕ ಬಂತು.

ಜೋಳದ ರಾಶಿಯ ಕಾಲಕ್ಕೆ ನಾನೊಬ್ಬಳೇ ಒಮ್ಮೆ ಆ ಹಳ್ಳಿಗೆ ಹೋದೆ. ಕೆಲಸವೇನೂ ಇರಲಿಲ್ಲ, ಆದೇಶ ನಡೆಯುತ್ತಿದೆಯೇ ನೋಡಿ ಬರೋಣ ಅಂತ. ಖೋಲಿಯ ಬಾಗಿಲು ತೆರೆದಿತ್ತು. ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಗೋಡೆಗೊರಗಿ ಮುದುಕಿ ಕುಳಿತಿದ್ದಳು. ಅವಳ ಹಾಸಿಗೆ ಸುರುಳಿ, ತಂಬಿಗೆ, ಬಟ್ಟೆಯ ಗಂಟು ಅಲ್ಲೇ ಇದ್ದವು. ಕೋರ್ಟಿನಿಂದ ಬಂದ ಸಂಜೆಯೇ ಮಕ್ಕಳು ಇವನ್ನೆಲ್ಲ ಪಡಸಾಲೆಗೆ ತಂದಿಟ್ಟಿದ್ದರಂತೆ. ಬೈಯಲಿಲ್ಲ, ಹೊಡೆಯಲಿಲ್ಲ. ಒಳಗೆ ಬಾ ಅನ್ನಲಿಲ್ಲ, ಅಷ್ಟೇ. ಬೀಗ ತೆಗೆಯುವವರೆಗೆ ಅತ್ತೆಯೂ ಸೊಸೆಯ ಜೊತೆ ಹಿಪ್ಪರಗಿಯ ಆ ಕೊಟ್ಟಿಗೆಯಲ್ಲೇ ಇದ್ದಳು.

ಮುದುಕಿ ನನ್ನನ್ನು ಗುರುತು ಹಿಡಿದು ಹತ್ತಿರ ಕರೆದಳು.

"ತಂಗಿ, ಇದು ಕೋರ್ಟು ಇಕಿಗೆ ಕೊಟ್ಟ ಖೋಲಿ. ಇದರಾಗ ನಾ ಇದ್ರ ಇಕಿಗೇನೂ ತ್ರಾಸ ಆಗೂದಿಲ್ಲಲ್ಲ? ಕಾಯ್ದೆ ಏನ ಹೇಳತೈತಿ?"

ಕಾಯ್ದೆ ನನಗೆ ಬಾಯಿಪಾಠವಿತ್ತು. ಆ ಇಡೀ ಮನೆಯಲ್ಲಿ ಆಕೆಗೆ ಪಾಲಿದೆ, ಗಂಡನ ವಿಧವೆಯಾಗಿ ಒಂದು, ಸತ್ತ ಮಗನ ತಾಯಿಯಾಗಿ ಇನ್ನೊಂದು. ಆಕೆಯನ್ನು ಹೊರಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಮುಪ್ಪಿನ ತಂದೆತಾಯಿಯರಿಗೆ ಅಂತಲೇ ಬೇರೆ ಕಾಯ್ದೆ ಇದೆ. ಎಲ್ಲವನ್ನೂ ಹೇಳಿದೆ, ಬಾಯಾರಿಗೆ ಹೇಳಿ ಒಂದು ಅರ್ಜಿ ಹಾಕೋಣ ಎಂದೆ. ನನಗೆ ಆ ಮಕ್ಕಳ ಮೇಲೆ ಸಿಟ್ಟಿತ್ತು, ಈ ಕೇಸನ್ನು ಗೆಲ್ಲುವ ಆಸೆಯೂ ಇತ್ತು. ಮುದುಕಿ ಗಮನವಿಟ್ಟು ಕೇಳಿದಳು.

"ಅರ್ಜಿ ಹಾಕಿದ್ರ ನಾ ಅವರಪ್ಪನ ಹೆಂಡ್ತಿ ಹೌದೋ ಅಲ್ಲೋ ಅಂತ ಮತ್ತ ಕೇಳ್ತಾರ, ಹೌದಿಲ್ಲೋ?"

ಕೇಳಬಹುದು ಅಂದೆ. ಸುಳ್ಳು ಹೇಳಲು ಆಗಲಿಲ್ಲ. ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ಒಮ್ಮಿ ಇಕಿಗೋಸ್ಕರ ಹೇಳೇನಿ," ಅಂದಳು ಮುದುಕಿ. "ನನಗೋಸ್ಕರ ಹೇಳಾಂಗಿಲ್ಲವ್ವಾ. ಮಕ್ಕಳು ಊರಾಗ ತಲಿ ಎತ್ತಿ ತಿರಗಬೇಕು."